ಯಾವ್ಯಾವು ಕೂಡತಾವ

ಕಾರ್ಡುಗಳನ್ನು ನಾನು ಕರದಂಟಿನ ಖಾಲಿ ಡಬ್ಬಿಯಲ್ಲಿ ಇಟ್ಟುಕೊಂಡಿದ್ದೆ. ಒಟ್ಟು ಮೂವತ್ತಾರು. ಒಂದೊಂದರ ಮೇಲೆ ಒಂದೊಂದು ಕುರಿಯ ಫೋಟೊ, ಹಿಂಬದಿಗೆ ನಂಬರು. ಡಬ್ಬಿ ತೆರೆದಾಗಲೆಲ್ಲ ಬೆಲ್ಲ, ತುಪ್ಪದ ವಾಸನೆ ಬರುತ್ತಿತ್ತು. ‘ನಮ್ಮ ಕುರಿಗಳಿಗೆ ಕರದಂಟಿನ ವಾಸನೆ’ ಎಂದು ಮೊದಲ ದಿನದ ಡೈರಿಯಲ್ಲಿ ಬರೆದಿದ್ದೇನೆ. ಆ ಪುಟದಲ್ಲಿ ಈಗಲೂ ನಿಜವೆನಿಸುವುದು ಅದೊಂದೇ ಸಾಲು.

ಕೆಲಸ ಕೊಟ್ಟವರು ಶೋಭಾ ಮೇಡಂ. ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರ ಕಲಿಸುತ್ತಾರೆ. ಮನುಷ್ಯರು ತಮಗೆ ಗೊತ್ತಿರುವುದನ್ನು ತಲೆಯೊಳಗೆ ಹೇಗೆ ಜೋಡಿಸಿ ಇಟ್ಟುಕೊಳ್ಳುತ್ತಾರೆ, ವರ್ಷಗಟ್ಟಲೆ ಒಂದೇ ಕೆಲಸ ಮಾಡಿದವರ ಜೋಡಣೆ ಹೊಸಬರಿಗಿಂತ ಹೇಗೆ ಬೇರೆಯಾಗಿರುತ್ತದೆ ಎಂಬುದು ಅವರ ಸಂಶೋಧನೆ. ಸಂದರ್ಶನದ ದಿನ ನನಗೆ ಅರ್ಥವಾಗಲಿಲ್ಲವೆಂದು ಮುಖ ನೋಡಿಯೇ ತಿಳಿದು ಬಿಡಿಸಿ ಹೇಳಿದ್ದರು. ಹೊಸ ಸೊಸೆ ಅಡುಗೆಮನೆಯ ಡಬ್ಬಿಗಳನ್ನು ಎತ್ತರ ನೋಡಿ ಸಾಲು ಹಚ್ಚುತ್ತಾಳೆ. ಅತ್ತೆ ಹಚ್ಚುವುದು ಒಗ್ಗರಣೆಯ ಹೊತ್ತಿಗೆ ಯಾವುದರ ಹಿಂದೆ ಯಾವುದಕ್ಕೆ ಕೈ ಹೋಗುತ್ತದೆ ಎಂಬುದರ ಮೇಲೆ. ನೋಡುವವರಿಗೆ ಅತ್ತೆಯದು ಅಸ್ತವ್ಯಸ್ತ ಅನ್ನಿಸಬಹುದು, ಆದರೆ ಕತ್ತಲಲ್ಲೂ ಆಕೆಗೆ ಸಾಸಿವೆ ಸಿಗುತ್ತದೆ. ಈ ಉದಾಹರಣೆ ನನಗೆ ಬಹಳ ಇಷ್ಟವಾಗಿತ್ತು. ಇಷ್ಟವಾದದ್ದನ್ನು ನೆನಪಿನಲ್ಲಿಡುವುದು ಬೇರೆ, ಬೇಕಾದಾಗ ಅದು ತಲೆಗೆ ಬರುವುದು ಬೇರೆ ಎಂದು ಆಗ ನನಗೆ ಗೊತ್ತಿರಲಿಲ್ಲ.

ಮೂರು ಗುಂಪಿನ ಜನರ ಮುಂದೆ ಕಾರ್ಡು ಹರವಬೇಕು. ಕುರಿಗಳ ನಡುವೆಯೇ ಬೆಳೆದ ಕುರುಬರು ಹನ್ನೆರಡು ಮಂದಿ, ಕುರಿಯ ಗಂಧಗಾಳಿ ಇಲ್ಲದ ಕಾಲೇಜು ಹುಡುಗರು ಹನ್ನೆರಡು, ದನದ ದವಾಖಾನೆಯವರು ಹನ್ನೆರಡು. ಕೊನೆಯ ಗುಂಪನ್ನು ಹುಕ್ಕೇರಿ ಕಡೆ ಮಹೇಶ ನೋಡಿಕೊಳ್ಳುತ್ತಿದ್ದ. ಅವನೂ ನನ್ನಂತೆಯೇ ಮೇಡಂ ಬಳಿ ಕೆಲಸಕ್ಕೆ ಸೇರಿದವನು. ನನ್ನ ಹಾಗೆ ನಡುಗುವ ದನಿ ಅವನದಲ್ಲ, ಯಾರ ಹತ್ತಿರವಾದರೂ ಎರಡು ನಿಮಿಷದಲ್ಲಿ ಚಹಾ ಕುಡಿದು ಎದ್ದು ಬರುತ್ತಾನೆ. ಕೆಲಸ ಮುಗಿದ ಮೇಲೆ ಇಬ್ಬರಲ್ಲಿ ಒಬ್ಬರನ್ನು ಮೂರು ವರ್ಷಕ್ಕೆ ತಮ್ಮ ವಿಭಾಗಕ್ಕೆ ಕರೆದುಕೊಳ್ಳುವುದಾಗಿ ಮೇಡಂ ಹೇಳಿದ್ದರು. ಪದವಿ ಮುಗಿಸಿ ಎರಡು ವರ್ಷ ಗೋಕಾಕದ ನಮ್ಮ ಮನೆಯ ಮಾಳಿಗೆಯ ಮೇಲೆ ಕೂತು ಡೈರಿ ತುಂಬಿಸಿದವಳು ನಾನು. ಆ ಜಾಗ ನನಗೆ ಎಷ್ಟು ಬೇಕಿತ್ತೆಂದು ಡೈರಿಗೆ ಕೂಡ ಹೇಳಿರಲಿಲ್ಲ.

ನಿಯಮಗಳು ಮೂರೇ. ಸೂಚನೆಯನ್ನು ಹಾಳೆಯಲ್ಲಿ ಇದ್ದಂತೆ ಓದಬೇಕು. ಸಹಾಯ ಮಾಡಬಾರದು. ಗುಂಪು ಮಾಡಿದ ಮೇಲೆ ಕಾರಣ ಒಮ್ಮೆ ಕೇಳಿ, ಅವರು ಅಂದದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಬೇಕು.

ನನ್ನ ಮೊದಲ ಕುರುಬ ಮಾಳಪ್ಪ. ತುಕ್ಕಾನಟ್ಟಿಯ ಆಚೆ, ಮೂಡಲಗಿ ರಸ್ತೆಗೆ ಹತ್ತಿದ ಒಂದು ಹೊಲದಲ್ಲಿ ಅವನ ಹಿಂಡು ಇತ್ತು. ಕಬ್ಬು ಕಡಿದಾಗಿತ್ತು, ನೆಲದ ತುಂಬ ಕಬ್ಬಿನ ಒಣ ಎಲೆಯ ರವದಿ, ಕುರಿಗಳು ಅದರೊಳಗೆ ಮೂತಿ ಹಾಕಿ ಹಸಿರು ಹುಡುಕುತ್ತಿದ್ದವು. ಮಾಳಪ್ಪನಿಗೆ ಐವತ್ತು ದಾಟಿರಬೇಕು. ಅವನ ತಾಯಿ ಸತ್ತೆವ್ವ ಸ್ವಲ್ಪ ದೂರದಲ್ಲಿ ಉಣ್ಣೆ ಹಿಂಜುತ್ತ ಕೂತಿದ್ದಳು. ನಾನು ಕಂಬಳಿಯ ಮೇಲೆ ಕಾರ್ಡು ಹರವಿ, ಹಾಳೆ ಹಿಡಿದು ಓದಿದೆ: ‘ಪರಸ್ಪರ ಸಾಮ್ಯವುಳ್ಳ ಚಿತ್ರಗಳನ್ನು ಒಂದು ಗುಂಪಾಗಿ ವಿಂಗಡಿಸಿರಿ.’

ಮಾಳಪ್ಪ ಕಾರ್ಡುಗಳನ್ನು ನೋಡಿ ತಲೆ ಎತ್ತಿದ. “ಸಾಮ್ಯ ಅಂದ್ರ ಏನವ್ವಾ?” ಎಂದ.

ನಾನು ಮತ್ತೊಮ್ಮೆ ಅದನ್ನೇ ಓದಿದೆ. ಅವನು ಮತ್ತೊಮ್ಮೆ ಅದನ್ನೇ ಕೇಳಿದ. ನಾನು ಹಾಳೆ ಕೆಳಗಿಟ್ಟೆ. ಇಂಥ ಹೊತ್ತಿನಲ್ಲಿ ನನ್ನ ಬಾಯಿಗೆ ಬರುವುದು ಮನೆಯ ಮಾತು. ಸೀರೆಗೆ ಕುಬಸ ಹೊಂದದಿದ್ದರೆ ನಮ್ಮವ್ವ ‘ಇದು ಅದಕ್ಕ ಕೂಡೂದಿಲ್ಲ’ ಅನ್ನುತ್ತಾಳೆ. ನಾನೂ ಹಾಗೇ ಅಂದುಬಿಟ್ಟೆ: “ಯಾವ್ಯಾವು ಕೂಡತಾವ, ಅವನ್ನ ಒಂದ ಕಡೆ ಇಡ್ರಿ ಕಾಕಾ.”

ಸತ್ತೆವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಭುಜ ಕುಲುಕುತ್ತಿದ್ದವು. ನನ್ನ ಓದುವ ಧಾಟಿಗೆ ನಗುತ್ತಿದ್ದಾಳೆ ಎಂದುಕೊಂಡೆ. ಮಾಳಪ್ಪ ನಗಲಿಲ್ಲ. ರುಮಾಲು ಸರಿ ಮಾಡಿಕೊಂಡು, ನನ್ನ ಕಡೆ ನೋಡದೆ, ಕಾರ್ಡುಗಳನ್ನು ಎತ್ತತೊಡಗಿದ. ಬಹಳ ಬೇಗ ಎತ್ತಿದ. ಕೆಲವು ಕಾರ್ಡುಗಳನ್ನು ಕಣ್ಣಿನ ಹತ್ತಿರ ಹಿಡಿದು ಕಿವಿ ನೋಡಿದ, ಹಣೆ ನೋಡಿದ. ನಾಲ್ಕು ಗುಂಪಾದವು. ಮೊದಲ ಗುಂಪಿನಲ್ಲಿ ಸುರುಳಿಕೋಡಿನ ಕರಿ ಟಗರು, ಅದರ ಸುತ್ತ ಕರಿಯವು, ಬಿಳಿಯವು, ಕೋಡಿದ್ದವು, ಇಲ್ಲದವು. ಎರಡನೆಯದರಲ್ಲಿ ಕೆಂಪುಮುಖದ ಬಿಳಿ ಟಗರು, ಅದರ ಜೊತೆಗೂ ಅದೇ ಕಲಬೆರಕೆ. ಮೂರನೆಯದರಲ್ಲಿ ಮರಿಗಳು ಮತ್ತು ದೊಡ್ಡ ಹೊಟ್ಟೆಯವು ಒಟ್ಟಿಗೆ. ನಾಲ್ಕನೆಯದರಲ್ಲಿ ಒಂದೇ ಒಂದು ಮುದಿ ಕುರಿ.

ಕಾರಣ ಕೇಳಿದೆ. “ಕೂಡತಾವ, ಅದಕ್ಕ,” ಎಂದ. ನಿಯಮ ಮುರಿದು ಇನ್ನೊಮ್ಮೆ ಕೇಳಿದ್ದಕ್ಕೆ, “ಅದೆಲ್ಲಾ ನಿನಗ ತಿಳಿಯೂದಿಲ್ಲ ಬಿಡವ್ವಾ,” ಎಂದು ಎದ್ದು ಕುರಿಗಳ ಕಡೆ ಹೋದ.

ಹಾಳೆಯಲ್ಲಿ ಬರೆದೆ: ‘ಕಾರಣ: ಕೂಡತಾವ.’ ಬಾಜೂ ಇದ್ದ ಚಿಕ್ಕ ಚೌಕದಲ್ಲಿ ನಾನು ನೋಡಿದಂತೆ ಒಂದು ಗುರುತು ಹಾಕಬೇಕಿತ್ತು. ಬಣ್ಣ, ಗಾತ್ರ, ವಯಸ್ಸು, ತಳಿ, ಇತರೆ, ಕ್ರಮವಿಲ್ಲ. ‘ಕ್ರಮವಿಲ್ಲ’ಕ್ಕೆ ಗುರುತು ಹಾಕಿದೆ.

ಆ ಮಾತು ಕೆಲಸ ಮಾಡಿತೆಂದು, ಮುಂದಿನ ಹನ್ನೊಂದು ಮಂದಿಗೂ ಅದನ್ನೇ ಹೇಳಿದೆ. ಹಾಳೆ ಓದುವುದನ್ನೇ ಬಿಟ್ಟೆ. ಎಲ್ಲ ಕಡೆಯೂ ಹಾಗೆಯೇ ಆಯಿತು. ಗಂಡಸರು ನೆಲ ನೋಡುತ್ತ ಬೇಗ ಬೇಗ ಇಟ್ಟರು, ಹೆಂಗಸರು ದೂರದಿಂದ ನಕ್ಕರು, ಕಾರಣ ಕೇಳಿದರೆ ಒಂದೇ ಉತ್ತರ. ಒಬ್ಬ ಮಾತ್ರ, ಲಖನ ಅಂತ ಎಳೆ ವಯಸ್ಸಿನವನು, ಕಿವಿವರೆಗೂ ಕೆಂಪಾಗಿ ಅಲ್ಲೇ ಕಾರ್ಡು ಬಿಟ್ಟು ನೀರು ಕುಡಿಯಲು ಹೋಗಿ ಕಾಲು ಗಂಟೆ ಬಿಟ್ಟು ಬಂದ. ನನ್ನನ್ನು ಕಂಡರೆ ಜನಕ್ಕೂ ನಾಚಿಕೆಯಾಗುತ್ತದೆ, ಇದು ಅಂಟುಜಾಡ್ಯ ಇರಬೇಕು ಎಂದು ಅಂದು ಡೈರಿಯಲ್ಲಿ ಬರೆದೆ.

ಕಾಲೇಜು ಹುಡುಗರ ಕೆಲಸ ನಿಡಸೋಸಿಯಲ್ಲಿ ಒಂದೇ ದಿನಕ್ಕೆ ಮುಗಿಯಿತು. ಅಲ್ಲಿ ರೂಮು ಮಾಡಿಕೊಂಡು ಇಂಜಿನಿಯರಿಂಗ್ ಓದುವವರು. ‘ಸಾಮ್ಯ’ಕ್ಕೆ ಯಾರೂ ಅರ್ಥ ಕೇಳಲಿಲ್ಲ. ಬಣ್ಣಕ್ಕೊಂದು ಗುಂಪು, ಕೋಡಿಗೊಂದು ಗುಂಪು, ಪ್ರತಿ ಗುಂಪಿಗೂ ಹೆಸರು. ವಿಶಾಲ ಎಂಬೊಬ್ಬ ಒಂದು ಗುಂಪಿಗೆ ‘ಫೋಟೊಕ್ಕ ಪೋಸ್ ಕೊಟ್ಟಾವು’ ಎಂದು ಹೆಸರಿಟ್ಟ, ಅದೂ ಒಂದು ಕ್ರಮವೇ. ಹಾಳೆಗಳು ಎಷ್ಟು ಚೊಕ್ಕವಾಗಿದ್ದವೆಂದರೆ ನೋಡಿ ನನಗೇ ಸಮಾಧಾನವಾಯಿತು.

ಎರಡು ವಾರದ ಮೇಲೆ ಮೇಡಂ ಫೋನು ಮಾಡಿದರು. ದನಿಯಲ್ಲಿ ಸಂಭ್ರಮ ಇತ್ತು. ಗುಂಪುಗಳಲ್ಲಿ ಕ್ರಮ ಎಷ್ಟಿದೆಯೆಂದು ಹಾಳೆ ನೋಡಿ ಕಂಪ್ಯೂಟರು ಅಂಕ ಕೊಡುತ್ತದೆ. ದವಾಖಾನೆಯವರ ಅಂಕ ಎಲ್ಲಕ್ಕಿಂತ ಮೇಲೆ, ಅದು ನಿರೀಕ್ಷೆಯೇ. ಆದರೆ ಕುರುಬರ ಅಂಕ ಕಾಲೇಜು ಹುಡುಗರಿಗಿಂತ ಕೆಳಗೆ ಬಂದಿದೆ. ಬರೀ ಅನುಭವ ಇದ್ದರೆ ಜ್ಞಾನ ಜೋಡಣೆಯಾಗುವುದಿಲ್ಲ, ಅದಕ್ಕೆ ಕಲಿಸಿದ ಚೌಕಟ್ಟೂ ಬೇಕು ಎಂದು ಇದರಿಂದ ಹೇಳಬಹುದು. ಮುಂದಿನ ತಿಂಗಳ ವಿಚಾರ ಸಂಕಿರಣದಲ್ಲಿ ಇದನ್ನೇ ಓದುತ್ತೇನೆ ಎಂದರು. ಆಮೇಲೆ, ಹನ್ನೆರಡು ಕಡೆಯೂ ನಾನು ಒಂದಿಷ್ಟೂ ಸಹಾಯ ಮಾಡದೆ, ಅವರ ಮಾತನ್ನು ತಿದ್ದದೆ ಬರೆದಿದ್ದೇನೆಂದು ಹೊಗಳಿದರು. “ಜಾಗ ನಿಮಗೇ ಅಂತ ತಿಳಿದುಕೊಳ್ರಿ ಅನ್ನಪೂರ್ಣಾ,” ಎಂದರು.

ಫೋನಿಟ್ಟ ಮೇಲೆ ಮಾಳಿಗೆಯ ಮೇಲೆ ಸುಮ್ಮನೆ ಅತ್ತಿಂದಿತ್ತ ನಡೆದೆ. ಸಂತೋಷ ಆಗಬೇಕಿತ್ತು, ಆಗಿತ್ತು ಕೂಡ. ಅದನ್ನು ಬರೆಯೋಣವೆಂದು ಡೈರಿ ತೆರೆದೆ. ಕುರುಬರ ಗುಂಪುಗಳನ್ನು ನಾನು ಹಾಳೆಗೆ ಬರೆಯುವ ಮುಂಚೆ ಡೈರಿಯಲ್ಲಿ ಗುರುತು ಮಾಡಿಕೊಂಡಿರುತ್ತಿದ್ದೆ. ಹಾಗೇ ಪುಟ ಹೊರಳಿಸಿದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಏಳನೆಯ ನಂಬರು, ಆ ಸುರುಳಿಕೋಡಿನ ಕರಿ ಟಗರು, ಹತ್ತೊಂಬತ್ತು ಮತ್ತು ಇಪ್ಪತ್ತೆರಡರ ಜೊತೆ ಎಲ್ಲಿಯೂ ಇರಲಿಲ್ಲ. ಹನ್ನೆರಡರಲ್ಲಿ ಒಂದು ಕಡೆಯೂ ಇಲ್ಲ. ಅವೆರಡೂ ಕರಿ ಹೆಣ್ಣುಕುರಿಗಳು. ಕಾಲೇಜು ಹುಡುಗರು ಬಣ್ಣ ನೋಡಿ ಈ ಮೂರನ್ನೂ ಒಂದೇ ಗುಂಪಿನಲ್ಲಿ ಇಟ್ಟಿದ್ದರು. ಕುರುಬರು ಮಾತ್ರ ಅವೆರಡನ್ನು ಪ್ರತಿ ಸಲ ಕೆಂಪುಮುಖದ ಬಿಳಿ ಟಗರಿನ ಪಾಲಿಗೆ ಹಾಕಿದ್ದರು.

ಕ್ರಮವಿಲ್ಲದ್ದು ಹನ್ನೆರಡು ಸಲ ಒಂದೇ ಥರ ಹೇಗೆ ಬರುತ್ತದೆ?

ಮೇಡಂಗೆ ಹೇಳಬೇಕೆಂದು ಫೋನು ಹಚ್ಚಿದೆ. ‘ಏಳನೇ ನಂಬರು...’ ಎಂದು ತೊಡಗಿದವಳ ದನಿ ಅರ್ಧಕ್ಕೆ ಇಳಿದುಹೋಯಿತು. ಅವರು ಎಲ್ಲಿಗೋ ಹೊರಟಿದ್ದರು, ಮೂವತ್ತಾರು ಕಾರ್ಡಿನಲ್ಲಿ ಒಂದೆರಡು ಹಾಗೆ ಬರುತ್ತವೆ, ಚಿಂತೆ ಬೇಡ ಎಂದರು. ಇನ್ನೊಂದು ಮಾತಾಡಿದರೆ ಜಾಗ ಹೋಗುತ್ತದೆಯೋ ಏನೋ ಎಂಬ ಅಂಜಿಕೆ ನನಗೆ ಆಗಲೇ ಯಾಕೆ ಬಂತೋ ತಿಳಿಯದು. ಏನು ತಪ್ಪಾಗಿದೆಯೆಂದು ಇನ್ನೂ ಗೊತ್ತೇ ಇರಲಿಲ್ಲ.

ಮರುದಿನ ಬೆಳಿಗ್ಗೆ ಮೂಡಲಗಿ ಬಸ್ಸು ಹತ್ತಿ ತುಕ್ಕಾನಟ್ಟಿಗೆ ಹೋದೆ. ಹಿಂಡು ಎರಡು ಹೊಲ ಆಚೆಗೆ ಸರಿದಿತ್ತು. ಮಾಳಪ್ಪ ಕುರಿಗಳಿಗೆ ನೀರು ಕುಡಿಸಲು ಹೋಗಿದ್ದ. ಸತ್ತೆವ್ವ ಒಬ್ಬಳೇ ಮರಿಗಳನ್ನು ಬುಟ್ಟಿಯ ಕೆಳಗೆ ಮುಚ್ಚಿಟ್ಟು ಕಾಯುತ್ತಿದ್ದಳು. ನನ್ನನ್ನು ನೋಡಿದ್ದೇ, “ಬಾ ಬಾ, ಕೂಡ್ಸಾಕಿ ಬಂದ್ಲು,” ಎಂದು ಮತ್ತೆ ಸೆರಗು ಬಾಯಿಗಿಟ್ಟುಕೊಂಡಳು.

ಆ ಮಾತಿನಲ್ಲಿ ಏನೋ ಇದೆ ಎಂದು ನನಗೆ ಹೊಳೆದದ್ದು ಆಗ. ಬಗ್ಗಿ ಕೂತು, ಮಾಳಪ್ಪ ಇಟ್ಟಂತೆಯೇ ಕಾರ್ಡು ಇಟ್ಟು, ಏಳನ್ನು ತೋರಿಸಿ ಕೇಳಿದೆ. “ಆಯಿ, ಇದರ ಕೂಡ ಇವೆರಡನ್ನ ಯಾಕ ಇಡಲಿಲ್ಲರಿ ಯಾರೂ?”

“ನಿನಗ ಮದಿವಿ ಆಗೇತೇನ ತಂಗಿ?”

“ಇಲ್ರಿ.”

“ಅದಕ್ಕ ಮತ್ತ.” ಹಿಂಜುತ್ತಿದ್ದ ಉಣ್ಣೆ ಕೆಳಗಿಟ್ಟಳು. “ನೀನ ಕೇಳಿದೆಲ್ಲ, ಯಾವ ಟಗರಿಗೆ ಯಾವ ಕುರಿ ಕೂಡತಾವ ಅಂತ. ನನ್ನ ಮಗ ಪಾಪ, ಮದಿವಿ ಆಗದ ಹುಡಿಗಿ ಮುಂದ ಹ್ಯಾಂಗ ಬಾಯಿ ಬಿಡಬೇಕ? ಸುಮ್ನ ಇಟ್ಟ ಎದ್ದ ಹೋದ. ಸರಕಾರದವರು ಕುರಿ ತಳಿ ಮಾಡಾಕತ್ತಾರ, ಅದಕ ಕೇಳಾಕತ್ತಾರ ಅಂತ ತಿಳದಾನ ಅಂವ.”

ನನಗೆ ಮಣ್ಣಿನೊಳಗೆ ಹೋಗಬೇಕೆನಿಸಿತು. ಹನ್ನೆರಡು ಮಂದಿ. ಲಖನ ನೀರು ಕುಡಿಯಲು ಹೋದದ್ದು ನೆನಪಾಗಿ ಮುಖ ಮುಚ್ಚಿಕೊಂಡೆ. ಸತ್ತೆವ್ವ ನನ್ನ ಕೈ ಕೆಳಗೆ ಎಳೆದು ಕಾರ್ಡು ತೋರಿಸಿದಳು.

“ಇಲ್ಲೆ ನೋಡ. ಈ ಕರಿ ಟಗರಿನ ಕಿವಿ ಎಲಿ ಮಡಚಿದಂಗ ಐತಿಲ್ಲೊ? ಇವೆರಡರ ಕಿವೀನೂ ಹಂಗ. ಹಣಿ ಮ್ಯಾಲಿನ ಬೊಟ್ಟೂ ಅದನ. ಇವು ಅದರ ಮಕ್ಕಳು. ಅಪ್ಪಗ ಮಗಳನ್ನ ಕೂಡಸ್ತಾರೇನ? ಮರಿ ಸೊಟ್ಟ ಹುಟ್ಟತಾವ. ಇವನ್ನ ಹೊರಗಿನ ಟಗರಿಗೆ ಬಿಡಬೇಕ, ಈ ಕೆಂಪ ಮಾರಿದಕ್ಕ. ಇವು ಹೊಟ್ಟೀಲೆ ಅದಾವ, ಈ ಮರಿ ಇನ್ನೂ ಸಣ್ಣವು, ಇವಕ್ಕ ಈಗ ಯಾವ ಟಗರೂ ಬ್ಯಾಡ. ಈ ಮುದುಕಿದು ಮುಗೀತು, ನನ್ನಂಗ.” ಮುದಿ ಕುರಿಯ ಕಾರ್ಡನ್ನು ತೊಡೆಯ ಮೇಲೆ ಇಟ್ಟುಕೊಂಡಳು. “ನಿಮ್ಮವ್ವ ನಿನಗ ಗಂಡ ನೋಡೂವಾಗ ಏನ ನೋಡ್ತಾಳ? ಬೆಡಗ ಕೇಳ್ತಾಳೋ, ಬಣ್ಣ ಅಷ್ಟ ನೋಡಿ ಬರ್ತಾಳೊ?”

ಮೊದಲು ಬೆಡಗು, ಅಂದರೆ ವಂಶದ ಮೂಲ, ಕೇಳುತ್ತಾಳೆ ಎಂದೆ. ಒಂದೇ ಬೆಡಗಾದರೆ ಅಣ್ಣತಂಗಿ ಇದ್ದಂತೆ, ಮಾತು ಅಲ್ಲಿಗೇ ಮುಗಿಯುತ್ತದೆ. ಮೂವತ್ತಾರು ಫೋಟೊಗಳಲ್ಲಿ ಇವರೆಲ್ಲ ನೋಡಿದ್ದು ಕುರಿಗಳ ಬೆಡಗು. ಕಿವಿಯ ಮಡಿಕೆ ನೋಡಿ ಅಪ್ಪ ಯಾರೆಂದು ಹೇಳಿದ್ದರು. ನಾನು ಅದಕ್ಕೆ ‘ಕ್ರಮವಿಲ್ಲ’ ಎಂದು ಗುರುತು ಹಾಕಿ, ಹನ್ನೆರಡು ಸಹಿ ಮಾಡಿ ಕಳಿಸಿದ್ದೆ. ಅತ್ತೆಯ ಸಾಸಿವೆ ಡಬ್ಬಿ ನನಗೆ ನೆನಪಾದದ್ದು ಆ ಹೊಲದಲ್ಲಿ, ತಿಂಗಳು ತಡವಾಗಿ.

ಹಾಗಾದರೆ ಸರಿಯಾಗಿ ಕೇಳಿದರೆ ಆಯಿತು ಎಂದು ನನಗೆ ಧೈರ್ಯ ಬಂತು. ಹಾಳೆಗಳನ್ನು ಹೊಸದಾಗಿ ತುಂಬಬಹುದು, ಯಾರಿಗೂ ಗೊತ್ತಾಗಬೇಕಿಲ್ಲ, ಜಾಗವೂ ಉಳಿಯುತ್ತದೆ. ಕಾರ್ಡುಗಳನ್ನು ಕಲೆಸಿ ಸತ್ತೆವ್ವನ ಮುಂದಿಟ್ಟೆ. ಕೂಡುವ ಮಾತು ಬಿಡಿ, ಒಂದೇ ಥರ ಇರುವುವನ್ನು ಒಂದು ಕಡೆ ಇಡಿ ಎಂದೆ.

ಅವಳು ಎರಡೂ ಕೈಯಿಂದ ಎಲ್ಲ ಕಾರ್ಡುಗಳನ್ನು ಬಳಿದು ಒಂದೇ ರಾಶಿ ಮಾಡಿ ನನ್ನ ಕಡೆ ನೂಕಿದಳು.

“ಎಲ್ಲಾ ಕುರೀನ ಅಲ್ಲೇನವ್ವಾ? ಇದರಾಗ ಆಡ ಎಲ್ಲೆ ಅದಾವ?”

ಅಷ್ಟರಲ್ಲಿ ಮಾಳಪ್ಪ ಹಿಂಡಿನೊಂದಿಗೆ ಬಂದ. ತಾಯಿ ಏನು ಹೇಳಿರಬಹುದೆಂದು ಊಹಿಸಿ ದೂರವೇ ನಿಂತಿದ್ದವನನ್ನು ಸತ್ತೆವ್ವ ಕರೆದು ಕೂರಿಸಿದಳು. ಅವನಿಗೂ ಅದೇ ಕೇಳಿದೆ. ಮಾಳಪ್ಪ ಒಂದು ಕಾರ್ಡು ಇಟ್ಟ. ಅದರ ಬಾಜೂ, ಒಂದು ಗೇಣು ಬಿಟ್ಟು, ಇನ್ನೊಂದು. ಮತ್ತೆ ಗೇಣು ಬಿಟ್ಟು ಮತ್ತೊಂದು. ಕಂಬಳಿ ತುಂಬಿತು, ರವದಿಯ ಮೇಲೆ ಇಟ್ಟ. ಕೊನೆಯ ಕಾರ್ಡು ಇಡುವ ಹೊತ್ತಿಗೆ ಸಾಲು ಬದುವಿನ ತನಕ ಹೋಗಿತ್ತು.

“ಒಂದರಂಗ ಒಂದ ಇಲ್ಲವ್ವಾ,” ಎಂದ. “ಇದ್ದಿದ್ರ ನನ್ನ ಕುರಿ ಯಾವ್ದು ಮಂದಿ ಕುರಿ ಯಾವ್ದು ನನಗ ಹ್ಯಾಂಗ ತಿಳೀತಿತ್ತ?”

ಗಾಳಿಗೆ ಎರಡು ಕಾರ್ಡು ಹಾರಿದವು, ಒಂದು ಮರಿ ಹೋಗಿ ಒಂದನ್ನು ಮೂಸಿತು. ಕರದಂಟಿನ ವಾಸನೆಗೆ ಇರಬೇಕು. ನಾನು ಸಾಲಿನ ಉದ್ದಕ್ಕೂ ನಡೆದು, ಎಣಿಸದೆಯೇ ಕಾರ್ಡು ಆರಿಸಿಕೊಂಡೆ. ತಾಯಿಯ ಪ್ರಕಾರ ಗುಂಪು ಒಂದು, ಮಗನ ಪ್ರಕಾರ ಮೂವತ್ತಾರು. ಮೇಡಂ ಅವರ ಕಂಪ್ಯೂಟರು ಎರಡಕ್ಕೂ ಕೊಡುವ ಅಂಕ ಸೊನ್ನೆ ಎಂಬುದು ನನಗೆ ಗೊತ್ತಿತ್ತು. ತಪ್ಪು ಪ್ರಶ್ನೆ ಕೇಳಿದಾಗ ಇವರಿಗೆ ಗೊತ್ತಿದ್ದದ್ದೆಲ್ಲ ಹೊರಗೆ ಬಂದಿತ್ತು. ಸರಿಯಾದ ಪ್ರಶ್ನೆಗೆ ಏನೂ ಬರಲಿಲ್ಲ. ಹಾಗಾದರೆ ಅವೆರಡರಲ್ಲಿ ತಪ್ಪು ಯಾವುದು?

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಇದನ್ನೇ ತಿರುವಿ ಹಾಕಿದೆ. ಕೂಡು ಅಂದರೆ ನನಗೆ ಸಾಲಿಯಲ್ಲಿ ಲೆಕ್ಕ. ಅವ್ವನಿಗೆ ಸೀರೆ, ಕುಬಸ. ಕಂಡಕ್ಟರ್ ಎದುರಿನ ಮುದುಕಿಗೆ ‘ಇಲ್ಲೆ ಕೂಡ್ರಬೇ’ ಎನ್ನುತ್ತಿದ್ದ, ಅವನಿಗೆ ಆ ಮಾತು ಸೀಟು ಹಿಡಿಯುವುದು. ಮಾತಾಡಲು ಅಂಜಿ ಒಂದೇ ಒಂದು ಮಾತು ಆಡಿದ್ದೆ, ಅದರಲ್ಲಿ ಇಷ್ಟೊಂದು ಕೋಣೆಗಳು ಇರುತ್ತವೆಂದು ಹೇಗೆ ತಿಳಿಯಬೇಕು? ಗೋಕಾಕ ಬಂದರೂ ಇಳಿಯುವುದು ಮರೆತಿದ್ದೆ, ಕಂಡಕ್ಟರನೇ ಎಬ್ಬಿಸಿದ.

ಮನೆಯಲ್ಲಿ ಕೂತು ಮೂರು ಸಲ ಮೇಲ್ ಬರೆದು ಮೂರು ಸಲ ಅಳಿಸಿದೆ. ಏನೂ ಹೇಳದಿದ್ದರೆ ಜಾಗ ನನ್ನದು. ಕಲಿಸದೆ ಹೋದರೆ ಕುರುಬರ ತಲೆಯೊಳಗೆ ಏನೂ ಜೋಡಣೆಯಾಗುವುದಿಲ್ಲ ಎಂದು ಮೇಡಂ ವೇದಿಕೆಯ ಮೇಲೆ ಓದುತ್ತಾರೆ, ಜನ ಬರೆದುಕೊಳ್ಳುತ್ತಾರೆ. ಮಾಳಪ್ಪ ಅದನ್ನು ಎಂದೂ ಕೇಳುವುದಿಲ್ಲ, ಅವನಿಗೆ ಆಗುವ ನಷ್ಟವೇನು ಎಂದೂ ನನ್ನನ್ನು ನಾನೇ ಕೇಳಿಕೊಂಡೆ. ಆದರೆ ಕಣ್ಣು ಮುಚ್ಚಿದರೆ ಬದುವಿನ ತನಕ ಹೋದ ಆ ಸಾಲು ಕಾಣುತ್ತಿತ್ತು, ಗೇಣಿಗೊಂದು ಕಾರ್ಡು.

ನಾಲ್ಕನೆಯ ಸಲ ಬರೆದದ್ದನ್ನು ಓದಿ ನೋಡದೆ ಕಳಿಸಿದೆ. ಸೂಚನೆಯನ್ನು ನಾನು ಬದಲಿಸಿದ್ದು, ಕೂಡುವ ಮಾತು, ಏಳು, ಹತ್ತೊಂಬತ್ತು, ಇಪ್ಪತ್ತೆರಡು, ಕಿವಿಯ ಮಡಿಕೆ, ಸತ್ತೆವ್ವನ ಒಂದು ರಾಶಿ, ಮಾಳಪ್ಪನ ಮೂವತ್ತಾರು, ಎಲ್ಲವನ್ನೂ ಡೈರಿಗೆ ಬರೆಯುವಂತೆ ಬರೆದಿದ್ದೆ. ಎರಡು ಪುಟ ಆಗಿತ್ತು.

ಮೇಡಂ ಉತ್ತರ ನಾಲ್ಕು ದಿನ ಬಿಟ್ಟು ಬಂತು. ಸಿಟ್ಟಿನ ಮಾತು ಒಂದೂ ಇರಲಿಲ್ಲ, ಅದು ನನ್ನನ್ನು ಇನ್ನಷ್ಟು ಕುಗ್ಗಿಸಿತು. ಸೂಚನೆ ಬದಲಾದ್ದರಿಂದ ಹನ್ನೆರಡು ಹಾಳೆಗಳನ್ನು ಬಳಸಲಾಗದು, ಸಂಕಿರಣದ ಪ್ರಬಂಧ ಹಿಂತೆಗೆದುಕೊಂಡಿದ್ದೇನೆ ಎಂದು ಬರೆದಿದ್ದರು. ನಿಯಮ ಮುರಿದವರನ್ನು ತೆಗೆದುಕೊಂಡರೆ ಸಮಿತಿ ಒಪ್ಪುವುದಿಲ್ಲ, ಹಾಗಾಗಿ ಈ ವರ್ಷದ ಜಾಗ ಮಹೇಶನಿಗೆ. ಕುರುಬರ ಹಾಳೆಗಳನ್ನು ಅವನೇ ಮತ್ತೆ ಮಾಡುತ್ತಾನೆ, ಕಾರ್ಡುಗಳನ್ನು ಅವನಿಗೆ ತಲುಪಿಸಿ. ಕೊನೆಯಲ್ಲಿ ಎರಡು ಸಾಲು ಬೇರೆಯಾಗಿದ್ದವು. ನಿಮ್ಮ ಎರಡು ಪುಟಗಳನ್ನು ಮೂರು ಸಲ ಓದಿದೆ. ನಮ್ಮ ಹಾಳೆಯಲ್ಲಿ ‘ಕೂಡತಾವ’ ಎಂಬುದಕ್ಕೆ ಚೌಕ ಹಾಕಬೇಕಾದರೆ ಅದಕ್ಕೆ ಏನು ಹೆಸರು ಕೊಡುತ್ತೀರಿ, ಯೋಚಿಸಿ ತಿಳಿಸಿ.

ಮಹೇಶ ಇಂದು ಸಂಜೆ ಹುಕ್ಕೇರಿಯಿಂದ ಬರುತ್ತಾನೆ. ಅವನಿಗೆ ಕೊಡುವ ಮುಂಚೆ ಕೊನೆಯ ಸಲ ಎಂದು ಕಾರ್ಡುಗಳನ್ನು ಮಾಳಿಗೆಯ ಚಾಪೆಯ ಮೇಲೆ ಹರವಿದೆ. ತರಬೇತಿಯ ದಿನ ನಾನೂ ಇವನ್ನು ಗುಂಪು ಮಾಡಿದ್ದೆ. ಕರಿ, ಬಿಳಿ, ಕೆಂದ, ಮಿಶ್ರ, ಮರಿ ಎಂದು ಐದು ಗುಂಪು ಆರು ನಿಮಿಷದಲ್ಲಿ ಆಗಿದ್ದವು. ಡೈರಿಯಲ್ಲಿದೆ. ಇಂದು ಏಳನ್ನು ಎತ್ತಿಕೊಂಡೆ, ಹತ್ತೊಂಬತ್ತರ ಬಳಿ ಕೈ ಒಯ್ದೆ. ಕೈ ತಾನಾಗಿಯೇ ತಡೆದು ನಿಂತಿತು. ಅವೆರಡನ್ನು ಚಾಪೆಯ ಎರಡು ತುದಿಗೆ ಇಟ್ಟೆ. ಉಳಿದವುಗಳ ಕಿವಿಗಳನ್ನು ಒಂದೊಂದಾಗಿ ನೋಡುತ್ತ ಕೂತೆ. ಕೆಲವು ಮಡಚಿದಂತೆ ಕಂಡವು, ಮರುಕ್ಷಣ ಹಾಗೆ ಕಾಣಲಿಲ್ಲ. ಒಂದು ಗಂಟೆ ಕಳೆದರೂ ಒಂದು ಗುಂಪೂ ಆಗಲಿಲ್ಲ.

ಮೇಡಂ ಕೇಳಿದ ಹೆಸರು ಇನ್ನೂ ಹೊಳೆದಿಲ್ಲ. ಮುದಿ ಕುರಿಯ ಕಾರ್ಡು ಕೂಡ ಇಲ್ಲ. ಸತ್ತೆವ್ವನ ತೊಡೆಯ ಮೇಲಿಂದ ಅದನ್ನು ಮರಳಿ ಪಡೆಯುವುದನ್ನು ಮರೆತಿದ್ದೆ. ಮಹೇಶ ಎಣಿಸಿದರೆ ಮೂವತ್ತೈದು ಬರುತ್ತವೆ. ಕೇಳಿದರೆ ಏನು ಹೇಳಬೇಕೆಂದು ಯೋಚಿಸುತ್ತಿದ್ದೇನೆ. ಅದನ್ನು ತರಲು ನಾಳೆ ತುಕ್ಕಾನಟ್ಟಿಗೆ ನಾನೇ ಹೋಗುತ್ತೇನೆ ಎಂದರೆ, ಹೇಗೂ ಅಲ್ಲಿಗೆ ಹೋಗಲಿರುವ ಅವನು ನೀನೇ ಯಾಕೆ ಎಂದು ಕೇಳದೆ ಇರುತ್ತಾನೆಯೆ?